ಗುರಿ ಬದಲಾದದ್ದು ಹೊಟ್ಟೆಗೆ ಗೊತ್ತಿಲ್ಲ

(ದಾವಣಗೆರೆಯ ಒಂದು ಓಣಿಯ ವಾಚನಾಲಯದಲ್ಲಿ ಭಾನುವಾರ ಸಂಜೆ ಆಡಿದ ಮಾತುಗಳಿವು. ಬರೆಯುವಾಗ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕರೆಂಟು ಹೋಗಿ ಮೈಕು ನಿಂತಿದ್ದ ಹತ್ತು ನಿಮಿಷದಲ್ಲಿ ಹೇಳಿದ್ದನ್ನು ನೆನಪಿನಿಂದ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಸಿವಿನ ಬಗ್ಗೆ ಮಾತನಾಡುವವನನ್ನು ಸಂಜೆ ಆರು ಗಂಟೆಗೆ ಕರೆದಿದ್ದೀರಿ. ಕೆಳಗಿನ ಗಾಡಿಯಲ್ಲಿ ಬಾಣಲೆಗೆ ಮಿರ್ಚಿ ಬಿಟ್ಟ ವಾಸನೆ ಈ ಕಿಟಕಿಯಿಂದ ನೇರವಾಗಿ ನನ್ನ ಮೂಗಿಗೆ ಬಡಿಯುತ್ತಿದೆ. ನಿಮಗೂ ಬಡಿಯುತ್ತಿರಬೇಕು, ಹಿಂದಿನ ಸಾಲಿನಿಂದ ಇಬ್ಬರು ಆಗಲೇ ಎದ್ದು ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಮಾತು ಮುಗಿದ ಮೇಲೆ ನಾನೂ ಅಲ್ಲಿಗೇ ಹೋಗುವವನು.

ಬಾಗಿಲಿಗೆ ಅಂಟಿಸಿದ ಕಾಗದದಲ್ಲಿ ‘ತೂಕ ಇಳಿಸುವ ಬಗೆ’ ಎಂದು ಬರೆದಿದ್ದಾರೆ. ಅದನ್ನು ನಾನು ಹೆಚ್ಚು ಮುಟ್ಟುವುದಿಲ್ಲ. ಇಳಿಸುವುದನ್ನು ಹೇಳಿಕೊಡುವವರು ಮೊಬೈಲಿನ ತುಂಬ ಇದ್ದಾರೆ, ಮತ್ತು ಬಹಳ ಜನ ಇಳಿಸಿಯೂ ಬಿಡುತ್ತಾರೆ. ಇಳಿದ ಮಾರನೆಯ ದಿನ ಬೆಳಿಗ್ಗೆ ಎಷ್ಟು ತಿನ್ನಬೇಕು ಎಂದು ಮಾತ್ರ ಯಾರೂ ಹೇಳುವುದಿಲ್ಲ. ಆಹಾರ ಸಲಹೆ ಕೊಡುವ ಕೆಲಸ ಮಾಡಿಕೊಂಡು ಬಂದ ಇಷ್ಟು ವರ್ಷಗಳಲ್ಲಿ ನನ್ನ ಬಾಗಿಲಿಗೆ ಎರಡನೆಯ ಸಲ ಬಂದವರನ್ನು ನೋಡಿ ನೋಡಿ ನನಗೆ ಒಂದು ವಿಷಯ ಮನದಟ್ಟಾಗಿದೆ. ನಾವು ಗುರಿಯನ್ನು ಒಂದು ರಾತ್ರಿಯಲ್ಲಿ ಬದಲಿಸುತ್ತೇವೆ. ಹಸಿವು ಹಳೆಯ ಲೆಕ್ಕದ ಪುಸ್ತಕವನ್ನೇ ಹಿಡಿದುಕೊಂಡು ತಿಂಗಳುಗಟ್ಟಲೆ ವಸೂಲಿಗೆ ಬರುತ್ತದೆ.

ಮೊದಲು ನಮ್ಮ ಮನೆಯದೇ ಕಥೆ. ನಮ್ಮ ತಂದೆ ಪೈಲ್ವಾನರು. ದೊಡ್ಡ ಹೆಸರಿನವರಲ್ಲ, ಜಾತ್ರೆಯ ಕುಸ್ತಿಗಳಲ್ಲಿ ಬೆಳ್ಳಿಯ ಕಡಗ ಗೆದ್ದವರು, ಅಷ್ಟೇ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಗರಡಿಗೆ ಹೋಗಿ ದಂಡ, ಬಸ್ಕಿ, ಜೋಡಿ ಎಲ್ಲ ಮುಗಿಸಿ, ಮಟ್ಟಿಯಲ್ಲಿ ಹೊರಳಿ ಮನೆಗೆ ಬರುವಷ್ಟರಲ್ಲಿ ಅಮ್ಮ ಖುರಾಕು ಸಿದ್ಧ ಮಾಡಿರಬೇಕಿತ್ತು. ನೆನೆಸಿ ಸಿಪ್ಪೆ ತೆಗೆದ ಬಾದಾಮಿ, ಗಸಗಸೆ, ಏಲಕ್ಕಿ ಇವನ್ನು ಒರಳಿನಲ್ಲಿ ನುಣ್ಣಗೆ ಅರೆದು, ಕುದಿಯುವ ಎಮ್ಮೆ ಹಾಲಿಗೆ ಕಲಸಿ, ಮೇಲೆ ತುಪ್ಪ ಹಾಕಿ ಒಂದು ಹಿತ್ತಾಳೆ ಚೆಂಬಿನಲ್ಲಿ ಕೊಡುತ್ತಿದ್ದರು. ಬೆಳಿಗ್ಗೆ ಒಂದು ಲೀಟರ್, ಸಂಜೆ ಒಂದು ಲೀಟರ್. ಈಗ ಕುಳಿತು ಲೆಕ್ಕ ಹಾಕಿದರೆ ಹಾಲಿನಿಂದಲೇ 2000 ಕ್ಯಾಲೊರಿಗೆ ಮೇಲಾಗುತ್ತದೆ. ಬಾದಾಮಿ, ತುಪ್ಪ ಸೇರಿಸಿದರೆ 2800ರ ಹತ್ತಿರ. ಇದು ಊಟ ಬಿಟ್ಟು.

ಅಷ್ಟನ್ನೂ ಅವರ ಮೈ ಅರಗಿಸಿಕೊಳ್ಳುತ್ತಿತ್ತು. ಮೂವತ್ತೆಂಟನೆಯ ವಯಸ್ಸಿನಲ್ಲಿ ಮಂಡಿ ಹೋಯಿತು. ಗರಡಿ ನಿಂತಿತು, ಚೆಂಬು ನಿಲ್ಲಲಿಲ್ಲ. ಮೂರು ವರ್ಷದಲ್ಲಿ ಎಂಬತ್ತೆರಡು ಕಿಲೋದವರು ನೂರೆಂಟಾದರು. “ಸಾಮು ಬಿಟ್ಟಿರಿ, ಚೆಂಬನ್ನೂ ಬಿಡಿ” ಎಂದು ಅಮ್ಮ ಹೇಳಿದಾಗಲೆಲ್ಲ ಅವರು ಕೊಡುತ್ತಿದ್ದ ಉತ್ತರ ಒಂದೇ: “ಹಸಿವಾಗುತ್ತದೆಯಲ್ಲ, ನಾನೇನು ಸುಳ್ಳು ಹೇಳುತ್ತೇನೆಯೇ?”

ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ಹಸಿವಾಗುತ್ತಿತ್ತು. ಇದು ನನಗೆ ಅರ್ಥವಾದದ್ದು ಓದಲು ಹೋದ ಮೇಲೆ. 1956ರಲ್ಲಿ ಜೀನ್ ಮೇಯರ್ ಎಂಬ ಪೋಷಣ ವಿಜ್ಞಾನಿ ಇಬ್ಬರು ಭಾರತೀಯ ಸಹೋದ್ಯೋಗಿಗಳ ಜೊತೆ ಪಶ್ಚಿಮ ಬಂಗಾಳದ ಒಂದು ಸೆಣಬಿನ ಗಿರಣಿಯ 213 ಜನರ ಊಟವನ್ನೂ ತೂಕವನ್ನೂ ಅಳೆದು ಒಂದು ಪ್ರಬಂಧ ಪ್ರಕಟಿಸಿದರು. ಗಿರಣಿಯಲ್ಲಿ ಕುಳಿತು ಲೆಕ್ಕ ಬರೆಯುವವರಿದ್ದರು, ಒಳಗೇ ಅಂಗಡಿ ಇಟ್ಟುಕೊಂಡವರಿದ್ದರು, ಹೊರೆ ಹೊರುವವರಿದ್ದರು, ಕುಲುಮೆಗೆ ಕಲ್ಲಿದ್ದಲು ಎತ್ತಿ ಹಾಕುವವರಿದ್ದರು. ಹಗುರ ಕೆಲಸದಿಂದ ಹಿಡಿದು ಭಾರೀ ಕೆಲಸದವರೆಗೆ, ದುಡಿಮೆ ಹೆಚ್ಚಿದಂತೆ ಊಟ ಹೆಚ್ಚಿತ್ತು, ತೂಕ ಸಮನಾಗಿತ್ತು. ನಾವೆಲ್ಲ ಊಹಿಸುವಂಥದ್ದೇ. ಆದರೆ ದಿನವಿಡೀ ಕುಳಿತೇ ಇರುವವರಲ್ಲಿ ಲೆಕ್ಕ ತಲೆಕೆಳಗಾಯಿತು. ಅವರು ಹಗುರ ಕೆಲಸದವರಿಗಿಂತ ಕಡಿಮೆ ತಿನ್ನಬೇಕಿತ್ತು, ತಿನ್ನುತ್ತಿದ್ದದ್ದು ಹೆಚ್ಚು. ಹೊರೆ ಹೊರುವವರ ಊಟಕ್ಕೆ ಹತ್ತಿರ ಹತ್ತಿರವೇ ಇತ್ತು ಅವರ ಊಟ.

ಅಂದರೆ ದುಡಿಮೆ ಏರಿದಾಗ ಹಸಿವು ಹಿಂದೆಯೇ ಏರುತ್ತದೆ, ದುಡಿಮೆ ತೀರಾ ಇಳಿದಾಗ ಹಸಿವು ಇಳಿಯುವುದಿಲ್ಲ. ಅಪ್ಪ ಅಟ್ಟ ಹತ್ತಿ ಕುಳಿತಿದ್ದರು, ಕೆಳಗಿಳಿಯಲು ಏಣಿ ಇರಲಿಲ್ಲ.

ಇನ್ನು ನನ್ನ ಸರದಿ. ಬುದ್ಧಿ ಹೇಳುವವನಿಗೂ ಹೊಟ್ಟೆ ಇರುತ್ತದೆ. ನಲವತ್ತೊಂದರಲ್ಲಿ ನಾನು 86 ಕಿಲೋ ಇದ್ದೆ. ಏಳು ತಿಂಗಳಲ್ಲಿ 75ಕ್ಕೆ ಇಳಿಸಿದೆ, ಅದೂ ಶಾಸ್ತ್ರೋಕ್ತವಾಗಿ, ಅವಸರವಿಲ್ಲದೆ. ತಕ್ಕಡಿ 75 ತೋರಿಸಿದ ದಿನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ ಬೆಣ್ಣೆ ದೋಸೆ ತಿಂದೆ. ಅದರಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ನನ್ನ ಮನಸ್ಸಿನಲ್ಲಿ ಓಡಿದ ಒಂದು ಪದದಲ್ಲಿ: ‘ಇನ್ನು ಮಾಮೂಲು’. ಮಾಮೂಲು ಊಟ ಎಂದರೆ ಯಾವುದು? 86 ಕಿಲೋದವನ ಊಟ. ಐದು ತಿಂಗಳಲ್ಲಿ ಆರು ಕಿಲೋ ವಾಪಸು ಬಂತು. ಬಂದದ್ದಕ್ಕಿಂತ ಅವಮಾನವಾದದ್ದು ಹಸಿವಿನಿಂದ. ಊಟ ಮುಗಿಸಿ ಕೈ ತೊಳೆಯುವಾಗಲೇ ಅಡುಗೆಮನೆಯ ಡಬ್ಬಿಗಳ ಕಡೆ ಕಣ್ಣು ಹೋಗುತ್ತಿತ್ತು. ಚಕ್ಕುಲಿ ಡಬ್ಬಿಯ ಮುಚ್ಚಳ ಸದ್ದಾಗದಂತೆ ತೆಗೆಯುವುದನ್ನು ಕಲಿತೆ. ಇದು ನನ್ನ ದೌರ್ಬಲ್ಯ, ಪೈಲ್ವಾನನ ಮಗನಿಗೆ ನಾಲಿಗೆಯ ಮೇಲೆ ಹಿಡಿತವಿಲ್ಲ ಎಂದೇ ಅಂದುಕೊಂಡಿದ್ದೆ.

ದೌರ್ಬಲ್ಯವೋ ಅಲ್ಲವೋ ಎನ್ನುವುದಕ್ಕೆ ಒಂದು ಹಳೆಯ ಪ್ರಯೋಗದ ಕಥೆ ಹೇಳಬೇಕು. ಸ್ವಲ್ಪ ಉದ್ದವಿದೆ, ಮಿರ್ಚಿಯವನು ಓಡಿಹೋಗುವುದಿಲ್ಲ, ಕೇಳಿ.

1944ರ ನವೆಂಬರ್. ಎರಡನೆಯ ಮಹಾಯುದ್ಧ ಮುಗಿಯುವ ಹಂತದಲ್ಲಿದೆ. ಯುರೋಪಿನಲ್ಲಿ ಲಕ್ಷಾಂತರ ಜನ ಅರೆಹೊಟ್ಟೆಯಲ್ಲಿದ್ದಾರೆ, ನಾಳೆ ಅವರಿಗೆ ಅನ್ನ ಕೊಡುವಾಗ ಹೇಗೆ ಕೊಡಬೇಕು, ಎಷ್ಟು ಕೊಡಬೇಕು ಎಂದು ಯಾರಿಗೂ ಖಚಿತವಿಲ್ಲ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರನ್ನು ಸೇರಿಸಿದರು. ಯುದ್ಧದಲ್ಲಿ ಕೊಲ್ಲುವುದಿಲ್ಲ ಎಂದು ಆತ್ಮಸಾಕ್ಷಿಯ ಕಾರಣಕ್ಕೆ ಸೇನೆ ಸೇರಲು ಒಪ್ಪದ ಹುಡುಗರು ಅವರು. ಕೊಲ್ಲಲಾರೆವು, ಹಸಿದಿರಬಲ್ಲೆವು ಎಂದು ತಾವಾಗಿ ಬಂದವರು. (ನಮ್ಮ ಬಂಗಾಳದಲ್ಲಿ ಅದರ ಹಿಂದಿನ ವರ್ಷವಷ್ಟೇ ಲಕ್ಷಾಂತರ ಜನ ಯಾರ ಪ್ರಯೋಗಕ್ಕೂ ಸೇರದೆ ಹಸಿದು ಸತ್ತಿದ್ದರು. ಈ ಕಥೆ ಹೇಳುವಾಗಲೆಲ್ಲ ನನಗೆ ಅದು ನೆನಪಾಗುತ್ತದೆ.) ಹುಡುಗರ ವಾಸ ಫುಟ್‌ಬಾಲ್ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗಿನ ಕೋಣೆಗಳಲ್ಲಿ. ಮೊದಲ ಹನ್ನೆರಡು ವಾರ ಹೊಟ್ಟೆ ತುಂಬ ಊಟ, ದಿನಕ್ಕೆ 3000ಕ್ಕೂ ಹೆಚ್ಚು ಕ್ಯಾಲೊರಿ. ಆಮೇಲೆ ಇಪ್ಪತ್ತನಾಲ್ಕು ವಾರ ಅದರ ಅರ್ಧ, ಸುಮಾರು 1570. ಆಲೂಗಡ್ಡೆ, ಟರ್ನಿಪ್ ಗಡ್ಡೆ, ಕಪ್ಪು ಬ್ರೆಡ್ಡು, ಎಲೆಕೋಸು, ಮ್ಯಾಕರೋನಿ, ದಿನಕ್ಕೆ ಎರಡು ಹೊತ್ತು. ಅದರ ಮೇಲೆ ವಾರಕ್ಕೆ 35 ಕಿಲೋಮೀಟರ್ ನಡಿಗೆ.

1570 ಎಂದರೆ ಅಂಥ ಕಡಿಮೆಯೇನಲ್ಲ ಎಂದು ಇಲ್ಲಿ ಕೆಲವರಿಗೆ ಅನ್ನಿಸಿರಬಹುದು. 1200 ಕ್ಯಾಲೊರಿಯ ಚೀಟಿ ಕಿಸೆಯಲ್ಲಿಟ್ಟುಕೊಂಡು ಓಡಾಡುವ ಹುಡುಗಿಯರನ್ನು ನಾನು ವಾರ ವಾರ ನೋಡುತ್ತೇನೆ. ಆ ಯುವಕರಿಗೆ ಏನಾಯಿತು ಎಂದರೆ, ತೂಕದ ಕಾಲು ಭಾಗ ಹೋಯಿತು. ನಾಡಿ ನಿಧಾನವಾಯಿತು. ಬೇಸಿಗೆಯಲ್ಲೂ ಚಳಿ. ಯಾವುದರಲ್ಲೂ ಆಸಕ್ತಿ ಇಲ್ಲ, ಊಟವೊಂದನ್ನು ಬಿಟ್ಟು. ಅಡುಗೆ ಪುಸ್ತಕಗಳನ್ನು ಕೊಂಡು ಸಂಗ್ರಹಿಸತೊಡಗಿದರು. ತಟ್ಟೆ ನೆಕ್ಕಿದರು. ಊಟಕ್ಕೆ ನೀರು ಬೆರೆಸಿ ಹೆಚ್ಚು ಮಾಡಿಕೊಂಡು ತಾಸುಗಟ್ಟಲೆ ತಿಂದರು. ಚೂಯಿಂಗ್ ಗಮ್ಮು ಅಗಿದು ಅಗಿದು ಕೊನೆಗೆ ಅದಕ್ಕೂ ಮಿತಿ ಹಾಕಬೇಕಾಯಿತು.

ಇಷ್ಟು ಭಾಗವನ್ನು ಎಲ್ಲರೂ ಹೇಳುತ್ತಾರೆ. ನನಗೆ ಬೇಕಾದದ್ದು ಮುಂದಿನದು. 1945ರ ಜುಲೈ ಕೊನೆಗೆ ಗುರಿ ಬದಲಾಯಿತು: ಇಳಿಸಿದ್ದು ಸಾಕು, ಇನ್ನು ಏರಿಸಬೇಕು. ನಾಲ್ಕು ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದು ಪ್ರಮಾಣದಲ್ಲಿ ಊಟ ಹೆಚ್ಚಿಸಿದರು. ಊಟ ಹೆಚ್ಚಿತು, ಹಸಿವು ಕಡಿಮೆಯಾಗಲಿಲ್ಲ. ಕೆಲವರಿಗೆ ಉಪವಾಸದ ತಿಂಗಳುಗಳಿಗಿಂತ ಈ ವಾರಗಳೇ ಕಷ್ಟವಾದವು. ಕೊನೆಗೆ ಯಾವ ಮಿತಿಯೂ ಇಲ್ಲದೆ ತಿನ್ನಲು ಬಿಟ್ಟಾಗ ದಿನಕ್ಕೆ 5000, ಒಮ್ಮೊಮ್ಮೆ ಅದರ ಎರಡರಷ್ಟೂ ತಿಂದರು. ಹೊಟ್ಟೆ ಬಿರಿಯುವಂತೆ ತಿಂದೂ ‘ಇನ್ನೂ ಹಸಿವಿದೆ’ ಎಂದರು. ಹೊಟ್ಟೆ ತುಂಬುವುದು ಬೇರೆ, ಹಸಿವು ಹಿಂಗುವುದು ಬೇರೆ ಎಂದು ನನಗೆ ಗೊತ್ತಾದದ್ದು ಇದನ್ನು ಓದಿದ ರಾತ್ರಿ.

ಅರ್ಧ ಶತಮಾನ ಕಳೆದ ಮೇಲೆ, 1997ರಲ್ಲಿ, ಬೇರೆ ಸಂಶೋಧಕರು ಆ ಹುಡುಗರ ಅಂಕಿಗಳನ್ನು ಮತ್ತೆ ಬಿಡಿಸಿ ನೋಡಿದರು. ಮೈಗೆ ಕೊಬ್ಬು ಬೇಗ ತುಂಬಿಕೊಂಡಿತ್ತು, ಮೊದಲಿಗಿಂತ ಹೆಚ್ಚೇ. ಮಾಂಸಖಂಡ ಹಿಂದೆ ಬಿದ್ದಿತ್ತು. ಮಾಂಸಖಂಡ ಮೊದಲಿನಷ್ಟಾಗುವವರೆಗೂ ಹಸಿವು ಬಿಡಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇಲ್ಲಿಗೆ ಬರುತ್ತೇನೆ. ಏಕೆಂದರೆ ಇಳಿಸುವಾಗ ಏನನ್ನು ಕಳೆದುಕೊಳ್ಳುತ್ತೇವೆ ಎನ್ನುವುದರ ಮೇಲೆ ಆಮೇಲಿನ ಹಸಿವು ನಿಂತಿದೆ.

ಅವರದು ಅತಿರೇಕ, ನಮ್ಮಂಥವರಿಗೆ ಅದು ಅನ್ವಯವಾಗದು ಎನ್ನಬಹುದು. ಹಾಗಾದರೆ ಇನ್ನೊಂದು ಕೇಳಿ. ಸಕ್ಕರೆ ಕಾಯಿಲೆಗೆ ಒಂದು ಬಗೆಯ ಮಾತ್ರೆ ಇದೆ, ರಕ್ತದ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ದಿನಕ್ಕೆ ಸುಮಾರು 360 ಕ್ಯಾಲೊರಿಯಷ್ಟು ಸಕ್ಕರೆ ಹಾಗೆ ಸೋರಿಹೋಗುತ್ತದೆ. ನುಂಗುವವನಿಗೆ ಅದರ ಅರಿವೇ ಇರುವುದಿಲ್ಲ, ಅವನು ಪಥ್ಯವನ್ನೂ ಮಾಡುತ್ತಿಲ್ಲ. ಅಮೆರಿಕದ ಕೆವಿನ್ ಹಾಲ್ ಮತ್ತು ಜೊತೆಗಾರರು ಇಂಥವರ ಒಂದು ವರ್ಷದ ತೂಕದ ದಾಖಲೆ ಹಿಡಿದು, ಅವರ ಊಟ ಎಷ್ಟು ಹೆಚ್ಚಾಗಿರಬೇಕು ಎಂದು 2016ರಲ್ಲಿ ಲೆಕ್ಕ ಹಾಕಿದರು. ತೂಕ ಸ್ವಲ್ಪ ಇಳಿದು ಒಂದು ಕಡೆ ನಿಂತಿತ್ತು. ಏಕೆಂದರೆ ಅವರಿಗೇ ತಿಳಿಯದಂತೆ ಊಟ ಹೆಚ್ಚಿತ್ತು. ಕಳೆದುಕೊಂಡ ಪ್ರತಿ ಕಿಲೋಗೂ ದಿನಕ್ಕೆ ಸುಮಾರು 100 ಕ್ಯಾಲೊರಿ ಹೆಚ್ಚು ಹಸಿವು. ಅದೇ ಒಂದು ಕಿಲೋಗೆ ದೇಹದ ಖರ್ಚು ಕಡಿಮೆಯಾಗುವುದು ಇಪ್ಪತ್ತು ಮೂವತ್ತು ಮಾತ್ರ. ‘ನನ್ನ ಮೆಟಬಾಲಿಸಂ ಹಾಳಾಗಿದೆ ಸಾರ್’ ಎಂದು ಬರುವವರಿಗೆ ನಾನು ಈ ಎರಡು ಅಂಕಿಗಳನ್ನು ಪಕ್ಕ ಪಕ್ಕ ಬರೆದು ತೋರಿಸುತ್ತೇನೆ. ಖರ್ಚು ಇಳಿದಿರುವುದು ನಿಜ. ಆದರೆ ಹಸಿವು ಏರಿರುವುದರ ಮುಂದೆ ಅದು ಚಿಲ್ಲರೆ.

ಈಗ ನನ್ನ ಹನ್ನೊಂದು ಕಿಲೋವನ್ನು ಈ ಲೆಕ್ಕಕ್ಕೆ ಹಾಕೋಣ. 86 ಕಿಲೋ ಇದ್ದಾಗ ನನ್ನ ದಿನದ ಖರ್ಚು ಸುಮಾರು 2500. ಇಳಿಸುವಾಗ ತಿನ್ನುತ್ತಿದ್ದದ್ದು 1900. 75 ಕಿಲೋ ಆದ ಮೇಲೆ ಖರ್ಚು 2200ಕ್ಕೆ ಬಂತು. ಇನ್ನು ತೂಕ ಹಾಗೆಯೇ ನಿಲ್ಲಬೇಕಾದರೆ 1900 ಇದ್ದ ಊಟವನ್ನು 2200 ಮಾಡಿಕೊಳ್ಳಬೇಕು. 300 ಹೆಚ್ಚು. ತೊಂಬತ್ತು ಗ್ರಾಂ ಹಿಟ್ಟಿನ ಒಂದು ರಾಗಿ ಮುದ್ದೆ, ಅಷ್ಟೇ. ಹಸಿವು ಕೇಳುತ್ತಿದ್ದದ್ದು ಎಷ್ಟು? ಹಳೆಯ 2500ರ ಮೇಲೆ ಇನ್ನೂ ಸಾವಿರ. ನನಗೆ ಬೇಕಾಗಿದ್ದದ್ದು ಒಂದು ಮುದ್ದೆ, ಹೊಟ್ಟೆ ಕೇಳುತ್ತಿದ್ದದ್ದು ಮದುವೆ ಊಟ. ಚಕ್ಕುಲಿ ಡಬ್ಬಿಯ ರಹಸ್ಯ ಇದು.

ಇದರ ಹಿಂದೆ ಇರುವ ರಸಗಳ, ಅಂದರೆ ಹಾರ್ಮೋನುಗಳ, ಹೆಸರು ನೀವು ಕೇಳಿರಬಹುದು. ಕೊಬ್ಬಿನ ಕೋಶಗಳಿಂದ ಬರುವ ಲೆಪ್ಟಿನ್, 1994ರಲ್ಲಿ ಪತ್ತೆಯಾದದ್ದು, ‘ದಾಸ್ತಾನು ಇದೆ’ ಎಂದು ಮಿದುಳಿಗೆ ತಿಳಿಸುತ್ತದೆ. ಜಠರದಿಂದ ಬರುವ ಗ್ರೆಲಿನ್, 1999ರದು, ‘ಹಾಕು’ ಎನ್ನುತ್ತದೆ. ತೂಕ ಇಳಿದಾಗ ಮೊದಲನೆಯದು ತಗ್ಗುತ್ತದೆ, ಎರಡನೆಯದು ಏರುತ್ತದೆ. ಮೆಲ್ಬರ್ನಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತು ವಾರ ಕಟ್ಟುನಿಟ್ಟಾಗಿ ಇಳಿಸಿದವರಲ್ಲಿ ಒಂದು ವರ್ಷ ಕಳೆದ ಮೇಲೂ ಈ ರಸಗಳು ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ. ಹಾಗಾಗಿ ಗುರಿ ತಲುಪಿದ ಮೇಲಿನ ಮೊದಲ ವರ್ಷವನ್ನು ನಾನು ಬಾಣಂತನ ಎಂದು ಕರೆಯುತ್ತೇನೆ. ಹೆರಿಗೆ ಮುಗಿಯಿತೆಂದು ಯಾರೂ ಮಾರನೆಯ ದಿನ ಹೊಲಕ್ಕೆ ಕಳಿಸುವುದಿಲ್ಲವಲ್ಲ.

ಏನು ಮಾಡಬೇಕು? ನಾನು ಎರಡನೆಯ ಸಲ ಇಳಿಸಿ ನಿಲ್ಲಿಸಿಕೊಂಡದ್ದು ಹೇಗೆ ಎಂದು ಹೇಳುತ್ತೇನೆ. ನಿಮಗೆ ಹೊಂದುವಷ್ಟು ತೆಗೆದುಕೊಳ್ಳಿ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಊಟದ ಪ್ರಮಾಣ ಬದಲಿಸಬೇಡಿ.

ಆ ಮುನ್ನೂರನ್ನು ನಾನು ಒಂದೇ ದಿನ ಸೇರಿಸಲಿಲ್ಲ. ಮೊದಲ ಹದಿನೈದು ದಿನ ನೂರು: ಬೆಳಗಿನ ತಿಂಡಿಯ ಜೊತೆ ಒಂದು ಬಾಳೆಹಣ್ಣು. ಮುಂದಿನ ಹದಿನೈದು ದಿನ ಇನ್ನೊಂದು ನೂರು: ಮಧ್ಯಾಹ್ನ ಅರ್ಧ ಜೋಳದ ರೊಟ್ಟಿ. ಹೀಗೆ. ನೂರು ಕ್ಯಾಲೊರಿಯನ್ನು ಕರಾರುವಾಕ್ಕಾಗಿ ಯಾರೂ ಅಳೆಯಲಾರರು, ಅದು ನನಗೆ ಗೊತ್ತಿದೆ. ಉದ್ದೇಶ ಅಳತೆಯಲ್ಲ. ‘ಇನ್ನು ಮಾಮೂಲು’ ಎಂಬ ಆ ಬಾಗಿಲನ್ನು ತೆರೆಯದಿರುವುದು. ಎಲ್ಲಿ ಏನು ಸೇರಿಸಿದೆ ಎಂದು ಹೇಳಲು ಬರುವಂತಿದ್ದರೆ ಸಾಕು. ‘ಸ್ವಲ್ಪ ಸಡಿಲ ಬಿಟ್ಟೆ’ ಎನ್ನುವವರು ಎಲ್ಲಿ ಸಡಿಲ ಬಿಟ್ಟರೆಂದು ಹೇಳಲಾರರು, ಅದು ಸಾಮಾನ್ಯವಾಗಿ ಎಣ್ಣೆಯಲ್ಲಿ ಇರುತ್ತದೆ. ಒಂದು ಚಿಕ್ಕ ಚಮಚ ಎಣ್ಣೆಗೆ 45 ಕ್ಯಾಲೊರಿ. ಒಗ್ಗರಣೆಗೆ ಕೈ ಸ್ವಲ್ಪ ಧಾರಾಳವಾದರೆ ಮುದ್ದೆಯ ಲೆಕ್ಕ ಅಲ್ಲಿಗೇ ಮುಗಿಯಿತು.

ಈ ಹಂತದಲ್ಲಿ ತಕ್ಕಡಿ ನಿಮ್ಮನ್ನು ಹೆದರಿಸುತ್ತದೆ. ಊಟ ಹೆಚ್ಚಿಸಿದ ಮೂರನೆಯ ದಿನಕ್ಕೆ ಒಂದು, ಒಂದೂವರೆ ಕಿಲೋ ಏರಿರುತ್ತದೆ. ಅದು ಕೊಬ್ಬಲ್ಲ. ಯಕೃತ್ತಿನಲ್ಲೂ ಮಾಂಸಖಂಡದಲ್ಲೂ ಪಿಷ್ಟದ ಒಂದು ಸಣ್ಣ ದಾಸ್ತಾನು ಇರುತ್ತದೆ, ಅದರ ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ನಿಲ್ಲುತ್ತದೆ. ಇಳಿಸುವಾಗ ಮೊದಲ ವಾರ ಸರಸರ ಇಳಿದದ್ದೂ ಇದೇ ನೀರು, ಈಗ ಬಂದದ್ದೂ ಇದೇ. ಕುಸ್ತಿಯವರು ತೂಕಕ್ಕೆ ನಿಲ್ಲುವ ಮುನ್ನಾದಿನ ಆಡುವ ಆಟವೂ ಹೆಚ್ಚಾಗಿ ನೀರಿನದೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಾಟ್ 50 ಕಿಲೋ ವಿಭಾಗದ ಫೈನಲ್ಲಿನ ಬೆಳಿಗ್ಗೆ 100 ಗ್ರಾಂ ಹೆಚ್ಚಾಗಿ ಅನರ್ಹರಾದದ್ದು ನಿಮಗೆಲ್ಲ ನೆನಪಿದೆ, ರಾತ್ರಿಯೆಲ್ಲ ಬೆವರಿ ಇಳಿಸಿದ ಮೇಲೂ ಉಳಿದ 100 ಗ್ರಾಂ. ನಮಗೆ ಯಾರೂ ಪದಕ ಕೊಡುವುದಿಲ್ಲ, ಹಾಗಾಗಿ ದಿನದ ಅಂಕಿಗೆ ಬೆಲೆ ಕೊಡಬೇಕಾಗಿಲ್ಲ. ವಾರದ ಏಳು ದಿನದ ತೂಕ ಕೂಡಿಸಿ ಏಳರಿಂದ ಭಾಗಿಸಿ, ಈ ವಾರದ್ದನ್ನು ಕಳೆದ ವಾರದ್ದರ ಜೊತೆ ಹೋಲಿಸಿ.

ಇನ್ನು ಹೊಟ್ಟೆಯ ಮಾತು. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು 38 ಬಗೆಯ ತಿನಿಸುಗಳನ್ನು, ಪ್ರತಿಯೊಂದರಲ್ಲೂ 240 ಕ್ಯಾಲೊರಿ ಬರುವಷ್ಟು, ತಿನ್ನಿಸಿ ಮುಂದಿನ ಎರಡು ತಾಸು ಹಸಿವು ಎಷ್ಟಿದೆ ಎಂದು ಕೇಳುತ್ತ ಹೋದರು. ಬಿಳಿ ಬ್ರೆಡ್ಡಿಗೆ 100 ಅಂಕ ಎಂದಿಟ್ಟುಕೊಂಡರೆ ಬೆಣ್ಣೆ ತುಂಬಿದ ಪದರು ಪದರಿನ ಕ್ರಾಸಾಂಗೆ 47. ಮೊದಲ ಸ್ಥಾನ ಯಾರಿಗೆ ಗೊತ್ತೇ? ಬೇಯಿಸಿದ ಆಲೂಗಡ್ಡೆಗೆ, 323. ತೂಕ ಇಳಿಸುವವರೆಲ್ಲ ಮೊದಲು ಮನೆಯಿಂದ ಓಡಿಸುವ ತರಕಾರಿಗೆ. ಅದನ್ನೇ ಬೋಂಡಾ ಮಾಡಿದರೆ ಕಥೆ ಬೇರೆ, ಆಗ ತಪ್ಪು ಆಲೂಗಡ್ಡೆಯದಲ್ಲ.

ನಮ್ಮೂರಿನ ಪರೀಕ್ಷೆಗೆ ಕೆಳಗಿನ ಗಾಡಿಯೇ ಸಾಕು. ಐವತ್ತು ಗ್ರಾಂ ಮಂಡಕ್ಕಿ ಎಂದರೆ ಪೇಪರಿನ ಮೇಲೆ ಒಂದು ಗುಪ್ಪೆ, ಎರಡು ಕೈ ಹಿಡಿಯುವುದಿಲ್ಲ. ಅದರಲ್ಲಿರುವುದು 180 ಕ್ಯಾಲೊರಿ ಆಸುಪಾಸು. ಪಕ್ಕದಲ್ಲಿ ಇಡುವ ಒಂದು ದಪ್ಪ ಮಿರ್ಚಿಯಲ್ಲೂ ಕಡಲೆಹಿಟ್ಟು, ಕುಡಿದ ಎಣ್ಣೆ ಸೇರಿ ಹೆಚ್ಚುಕಡಿಮೆ ಅಷ್ಟೇ. ಗುಪ್ಪೆಯನ್ನು ತಿನ್ನಲು ಕಾಲು ಗಂಟೆ, ಮಿರ್ಚಿಗೆ ನಾಲ್ಕು ತುತ್ತು. ಹಾಗೆಂದು ಮಂಡಕ್ಕಿ ಸಂಜೀವಿನಿಯೇನಲ್ಲ, ಅದರಲ್ಲಿ ಗಾಳಿಯೇ ಹೆಚ್ಚು, ಒಂದು ತಾಸಿಗೆ ಹೊಟ್ಟೆ ಮತ್ತೆ ಚುರುಗುಟ್ಟುತ್ತದೆ. ಅದಕ್ಕೆ ಒಂದು ಹಿಡಿ ಹುರಿಗಡಲೆ, ಮೊಳಕೆ ಬಂದ ಹೆಸರುಕಾಳು, ಹಸಿ ಈರುಳ್ಳಿ, ಸೌತೆಕಾಯಿ ಸೇರಿಸಿದರೆ ರಾತ್ರಿ ಊಟದವರೆಗೆ ನಿಲ್ಲುತ್ತದೆ. ಬೇಳೆ, ಕಾಳು, ಮೊಟ್ಟೆ, ಮೀನು, ಮೊಸರು ಇವುಗಳ ಪ್ರೋಟೀನು ಹಸಿವನ್ನು ಹೆಚ್ಚು ಹೊತ್ತು ತಡೆಯುತ್ತದೆ. ಸಾರಿನ ತಿಳಿ ಮಾತ್ರ ಬಡಿಸಿಕೊಂಡು ‘ನಾನು ಬೇಳೆ ತಿನ್ನುತ್ತೇನೆ’ ಎನ್ನಬೇಡಿ, ಬೇಳೆ ಪಾತ್ರೆಯ ತಳದಲ್ಲಿರುತ್ತದೆ.

ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಮಾಂಸಖಂಡ. ಇಳಿಸುವಾಗಲೇ ಅದನ್ನು ಉಳಿಸಿಕೊಳ್ಳಬೇಕು. ಬರಿಯ ಊಟ ಬಿಟ್ಟು ಇಳಿಸಿದವನು ಕೊಬ್ಬಿನ ಜೊತೆ ಮಾಂಸವನ್ನೂ ಕಳೆದುಕೊಂಡಿರುತ್ತಾನೆ, ಆಮೇಲೆ ಆ ಸಾಲವನ್ನೂ ಹಸಿವು ವಸೂಲು ಮಾಡುತ್ತದೆ. ಇದಕ್ಕೆ ಜಿಮ್ಮಿಗೇ ಹೋಗಬೇಕೆಂದಿಲ್ಲ. ವಾರಕ್ಕೆ ಮೂರು ದಿನ ಬಸ್ಕಿ, ದಂಡ. ದಂಡ ಆಗದವರು ಗೋಡೆಗೆ ಕೈ ಊರಿ ಮಾಡಿ. ಇದನ್ನು ಹೇಳುವಾಗ ನನಗೆ ಅಪ್ಪನ ನೆನಪಾಗುತ್ತದೆ. ಮಂಡಿ ಹೋದ ಮೇಲೆ ಅವರಿಗೆ ಯಾರಾದರೂ ಕುಳಿತೇ ಮಾಡುವ ಕೈಯ ಸಾಮು ಹೇಳಿಕೊಡಬಹುದಿತ್ತು. ಚೆಂಬನ್ನು ಒಂದೇ ಸಲ ಕಿತ್ತುಕೊಳ್ಳುವ ಬದಲು ಅದರ ಹಾಲನ್ನು ತಿಂಗಳಿಗೆ ಒಂದು ಪಾವು ಕಡಿಮೆ ಮಾಡುತ್ತ, ಬೆಣ್ಣೆ ತೆಗೆದ ಮಜ್ಜಿಗೆಗೆ ತರಬಹುದಿತ್ತು. ಮನೆಯಲ್ಲಿ ನಾವೆಲ್ಲ ಮಾಡಿದ್ದು ಒಂದೇ, ಜಗಳ.

ತೂಕ ಏರಿಸಬೇಕಾದವರೂ ಇಲ್ಲಿ ಇದ್ದಾರೆ, ಮೂರನೆಯ ಸಾಲಿನ ಹುಡುಗ ಆಗಿನಿಂದ ನನ್ನನ್ನು ದುರುಗುಟ್ಟಿ ನೋಡುತ್ತಿದ್ದಾನೆ. ನಿನಗೆ ಎಲ್ಲ ತಿರುಗುಮುರುಗು, ತಮ್ಮಾ. ಹಸಿವಾಗುವವರೆಗೆ ಕಾದರೆ ಆಗದು, ಗಡಿಯಾರ ನೋಡಿ ತಿನ್ನಬೇಕು. ಊಟಕ್ಕೆ ಮೊದಲು ಎರಡು ಲೋಟ ನೀರು, ದೊಡ್ಡ ತಟ್ಟೆ ಕೋಸಂಬರಿ ಇವೆಲ್ಲ ನಿನಗಲ್ಲ. ಶೇಂಗಾ ಹಿಂಡಿ, ಶೇಂಗಾ ಉಂಡೆ, ಕೊಬ್ಬರಿ, ರೊಟ್ಟಿಯ ಮೇಲೆ ಬೆಣ್ಣೆ ಹೀಗೆ ಸಣ್ಣ ಜಾಗದಲ್ಲಿ ಹೆಚ್ಚು ತುಂಬುವಂಥವು ಬೇಕು. ಅಗಿಯುವುದು ಬೇಸರವಾದರೆ ಕುಡಿ, ಹಾಲು ಬಾಳೆಹಣ್ಣು ಕಲಸಿ. ದಿನಕ್ಕೆ ಮುನ್ನೂರು ನಾನೂರು ಹೆಚ್ಚು, ಜೊತೆಗೆ ಸಾಮು. ಮುಂದೆ ಒಂದು ದಿನ ಸಾಮು ಬಿಟ್ಟಾಗ ನಮ್ಮಪ್ಪನ ಚೆಂಬನ್ನು ನೆನಪಿಸಿಕೊ.

ಹುಡುಗಿಯರಿಗೆ ಒಂದು ಮಾತು, ತಾಯಂದಿರೂ ಕೇಳಿಸಿಕೊಳ್ಳಲಿ. ಊಟ ಕಡಿಮೆ ಮಾಡಿದ ಮೇಲೆ ಮುಟ್ಟು ನಿಂತರೆ, ಕೂದಲು ಹಿಡಿ ಹಿಡಿಯಾಗಿ ಬಂದರೆ, ದಿನವಿಡೀ ಚಳಿ ಎನಿಸಿದರೆ ಅದು ಶಿಸ್ತಿನ ಲಕ್ಷಣವಲ್ಲ. ಆ ದಿನವೇ ಇಳಿಸುವುದನ್ನು ನಿಲ್ಲಿಸಿ ವೈದ್ಯರ ಹತ್ತಿರ ಹೋಗಿ. ಮಿನೆಸೋಟದ ಹುಡುಗರಿಗೂ ಬೇಸಿಗೆಯಲ್ಲಿ ಚಳಿಯಾಗಿತ್ತು.

ಇಂಜೆಕ್ಷನ್ ಬಗ್ಗೆ ಹೇಳಿ ಎಂದು ಚೀಟಿ ಬಂದಿದೆ. ಸೆಮಾಗ್ಲುಟೈಡ್ ಮುಂತಾದವು ಹಸಿವನ್ನೇ ತಗ್ಗಿಸುತ್ತವೆ, ತೂಕ ಚೆನ್ನಾಗಿಯೇ ಇಳಿಯುತ್ತದೆ. ನಾನು ಅವುಗಳ ವಿರೋಧಿಯಲ್ಲ, ವೈದ್ಯರು ಕೊಟ್ಟರೆ ತೆಗೆದುಕೊಳ್ಳಿ. ಆದರೆ ಅದರ ಒಂದು ದೊಡ್ಡ ಪರೀಕ್ಷೆಯಲ್ಲಿ ಮದ್ದು ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದಿದ್ದ ತೂಕದ ಮೂರನೆಯ ಎರಡು ಭಾಗ ವಾಪಸು ಬಂತು. ಸಾಲ ವಸೂಲಿಗೆ ಬಂದವನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು, ಬಾಗಿಲು ತೆರೆದ ಕೂಡಲೇ ಒಳಗೆ ಬಂದ. ಇನ್ನೇನು ಹೇಳಲಿ?

ಮಾತು ಮುಗಿಸಿದ ಮೇಲೆ ಪ್ರಶ್ನೆಗಳು ಹಲವು ಬಂದವು. ಒಂದನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ಎರಡನೆಯ ಸಾಲಿನಲ್ಲಿ ಕುಳಿತಿದ್ದ, ಐವತ್ತರ ಆಸುಪಾಸಿನ ಒಬ್ಬ ತಾಯಿ ಎದ್ದು ನಿಂತರು. ಮಗಳ ಮದುವೆಗೆಂದು ಎಂಟು ಕಿಲೋ ಇಳಿಸಿದ್ದರಂತೆ.

“ಮದುವೆ ಕಳೆದ ವಾರ ಮುಗಿಯಿತು ಸರ್. ಇನ್ನು ನಾನು ಹೇಗೆ ಉಣ್ಣಬೇಕು?”

“ಈಗ ಮಧ್ಯಾಹ್ನಕ್ಕೆ ಎಷ್ಟು ರೊಟ್ಟಿ, ಅಮ್ಮ?”

“ಒಂದು. ಪಲ್ಯ, ಕಾಳು, ಮಜ್ಜಿಗೆ.”

“ಒಂದೂವರೆ ಮಾಡಿಕೊಳ್ಳಿ. ಹದಿನೈದು ದಿನ ಅಷ್ಟೇ. ಆಮೇಲೆ ತೂಕ ನೋಡಿ ಇನ್ನರ್ಧ.”

“ಅರ್ಧ ರೊಟ್ಟಿಯೇ?” ಅವರು ಪಕ್ಕದವರ ಮುಖ ನೋಡಿದರು. ಸ್ವಲ್ಪ ಹೊತ್ತು ಲೆಕ್ಕ ಹಾಕಿದವರಂತೆ ನಿಂತಿದ್ದು ಕೇಳಿದರು: “ಆ ಅರ್ಧಕ್ಕೆ ಬೆಣ್ಣೆ ಹಚ್ಚಬಹುದೋ?”

ಸಭೆ ನಕ್ಕಿತು. ನಾನೂ ನಕ್ಕೆ. “ಹಚ್ಚಿ ಅಮ್ಮ,” ಎಂದೆ, “ಆದರೆ ಹಚ್ಚಿದ್ದನ್ನು ಬರೆದಿಡಿ.”